ಹಳೇ ಮರದ ಪೆಟ್ಟಿಗೆಯಲ್ಲಿ ಕಂಬಳಿ, ಕೌದಿ, ರಜಾಯಿ ಇಡಬಹುದಾ? ಫ್ಲಾಟಿಗೆ ತರುವ ಮುಂಚೆ ಸಲಹೆ ಬೇಕು

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜನ ಮನೆ ಬಿಚ್ಚುತ್ತಿದ್ದಾರೆ. ಕಂಬ, ಬಾಗಿಲು, ಪಾತ್ರೆ ಎಲ್ಲ ಹಂಚಿಕೆ ಆಯಿತು. ಅಟ್ಟದ ಮೇಲಿದ್ದ ಮರದ ಪೆಟ್ಟಿಗೆ ಮಾತ್ರ ಯಾರಿಗೂ ಬೇಡವಾಗಿತ್ತು. ನಾನು ಕೇಳಿ ಇಟ್ಟುಕೊಂಡೆ. 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಪೂರ್ತಿ ಕಪ್ಪಾಗಿದೆ, ಯಾವ ಮರ ಅಂತ ಗೊತ್ತಾಗುತ್ತಿಲ್ಲ. ಮೂಲೆಗಳಿಗೆ ಕಬ್ಬಿಣದ ಪಟ್ಟಿ, ಮುಂದೆ ದೊಡ್ಡ ಕೊಂಡಿ ಚಿಲಕ, ಕೆಳಗೆ ನಾಲ್ಕು ಗಿಡ್ಡ ಕಾಲು. ಒಳಗೆ ಎಡಗಡೆ ಸಣ್ಣ ಖಾನೆ ಒಂದಿದೆ.

ನಮ್ಮದು ಬೆಂಗಳೂರಲ್ಲಿ ಮೂರನೇ ಮಹಡಿಯ ಫ್ಲಾಟ್. ಎರಡು ಬೆಡ್‌ರೂಮು. ವಾರ್ಡ್‌ರೋಬ್ ತುಂಬಿ ತುಳುಕುತ್ತಿದೆ. ಅತ್ತೆ ಕೊಟ್ಟ ಚಳ್ಳಕೆರೆ ಕಂಬಳಿಗಳು, ಧಾರವಾಡದ ಚಿಕ್ಕಮ್ಮ ಹೊಲಿದ ಕೌದಿಗಳು, ನೆಂಟರು ಬಂದಾಗ ಹೊದೆಯಲು ಕೊಡುವ ರಜಾಯಿ, ಜಮಖಾನ ಎಲ್ಲವನ್ನೂ ಇದರೊಳಗೆ ಹಾಕೋಣ ಅಂತ ಆಸೆ. ಮನೆಯವರು "ಹುಳ ತಂದು ಮನೆಗೆ ಬಿಡ್ತೀಯಾ" ಅನ್ನುತ್ತಿದ್ದಾರೆ. ನನಗೆ ನುಸಿಗುಳಿಗೆ ವಾಸನೆ ಆಗಲ್ಲ. ಮನೆಯಲ್ಲಿ ಐದು ವರ್ಷದ ಮಗು ಇದೆ. ಪಾಲಿಶ್ ಮಾಡಿಸಬೇಕಾ, ಹಾಗೇ ಇಡಬೇಕಾ? ತಿಳಿದವರು ಹೇಳಿ.

ಉಳಿಸುತ್ತಿಗೆ:

ಮೇಡಂ, ಯಾವ ಮರ ಅಂತ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಮೊದಲು ಪೆಟ್ಟಿಗೆ ಮಗುಚಿ ಹಾಕಿ ತಳ ನೋಡಿ. ನಾನು ಶಿವಮೊಗ್ಗ ಕಡೆ ಮರಗೆಲಸ ಮಾಡುವವನು. ಹಳೇ ಮನೆ ಬಿಚ್ಚಿದಾಗ ಇಂಥವು ರಿಪೇರಿಗೆ ಬರುತ್ತಿರುತ್ತವೆ. ಮುಚ್ಚಳಕ್ಕೆ, ಮುಂಭಾಗಕ್ಕೆ ಒಳ್ಳೇ ಕೆಚ್ಚಿನ ಮರ (ಕಾಂಡದ ನಡುವಿನ ಗಟ್ಟಿ ಭಾಗ) ಹಾಕಿರುತ್ತಾರೆ. ಯಾರೂ ನೋಡದ ತಳಕ್ಕೆ, ಹಿಂಬದಿಗೆ ಕೈಗೆ ಸಿಕ್ಕ ಹಲಗೆ. ಹುಳ ಹಿಡಿಯುವುದು ಅಲ್ಲೇ. ತೇಗ, ಬೀಟೆಯ ಕೆಚ್ಚನ್ನು ಕುಟ್ಟೆ ಹುಳ (ಮರ ಕೊರೆದು ಪುಡಿ ಮಾಡುವ ಸಣ್ಣ ಹುಳ) ಮುಟ್ಟುವುದಿಲ್ಲ ಅಂತಲೇ ಹೇಳಬಹುದು. ಅದೇ ಮರದ ಹೊರಗಿನ ಬಿಳಿ ಭಾಗ ಇದ್ದರೆ ಬಿಡುವುದಿಲ್ಲ. ಅದರಲ್ಲಿ ಪಿಷ್ಟ ಇರುತ್ತದೆ, ಹುಳಕ್ಕೆ ಬೇಕಾದದ್ದು ಅದು.

ಹೀಗೆ ಮಾಡಿ. ಪೆಟ್ಟಿಗೆಯನ್ನು ಒಣ ಬ್ರಷ್ಷಿನಿಂದ ಪೂರ್ತಿ ಗುಡಿಸಿ. ಕೆಳಗೆ ಕಪ್ಪು ಕಾಗದ ಹಾಸಿ, ಎರಡು ವಾರ ಅಲ್ಲಾಡಿಸದೆ ಬಿಡಿ. ಆಮೇಲೆ ಕಾಗದದ ಮೇಲೆ ಏನು ಬಿದ್ದಿದೆ ನೋಡಿ. ಮುಟ್ಟಿದರೆ ಪೌಡರಿನ ಹಾಗೆ ನುಣ್ಣಗೆ ಇರುವ ಪುಡಿ ಬಿದ್ದಿದ್ದರೆ ಕುಟ್ಟೆ. ಗಸಗಸೆಯಷ್ಟು ಗಾತ್ರದ ಗಟ್ಟಿ ಹರಳು ಬಿದ್ದಿದ್ದರೆ ಒಣ ಮರದ ಗೆದ್ದಲು. ಭೂತಗನ್ನಡಿಯಲ್ಲಿ ನೋಡಿದರೆ ಆ ಹರಳಿಗೆ ಆರು ಮುಖ ಕಾಣುತ್ತದೆ. ಅದು ಮಣ್ಣಿನ ಗೆದ್ದಲಲ್ಲ. ಮಣ್ಣಿನ ಸಂಪರ್ಕ ಇಲ್ಲದೆ ಮರದೊಳಗೇ ಸಂಸಾರ ಮಾಡುವ ಜಾತಿ. ಮೂರನೇ ಮಹಡಿಯಾದರೂ ಬದುಕುತ್ತದೆ. ಬಾಗಿಲು ಚೌಕಟ್ಟಿಗೂ ಹರಡುತ್ತದೆ. ನಿಮ್ಮ ಮನೆಯವರ ಭಯ ಸುಮ್ನೆ ಅಲ್ಲ.

ಏನೂ ಬೀಳದಿದ್ದರೆ, ತೂತುಗಳಿದ್ದರೂ ಬಹುಶಃ ಅವು ಹಳೇ ತೂತು. ಹುಳ ಹೋಗಿ ಎಷ್ಟೋ ಕಾಲ ಆಗಿರಬಹುದು.

ಇನ್ನು ತೂಕ. ಒಂದಿಂಚು ಹಲಗೆ ಅಂತ ಇಟ್ಟುಕೊಂಡರೆ ನಿಮ್ಮ ಅಳತೆಗೆ ಸುಮಾರು ಮೂರೂಕಾಲು ಘನ ಅಡಿ (ಸಿಎಫ್‌ಟಿ) ಮರ. ತೇಗವಾದರೆ 60 ಕೆಜಿ ಆಸುಪಾಸು, ಬೀಟೆಯಾದರೆ 80ರ ಹತ್ತಿರ. ಕಬ್ಬಿಣ ಬೇರೆ. ನಾಲ್ಕು ಜನ ಬೇಕು. ಮುಚ್ಚಳ ಬಿಚ್ಚಿ ಬೇರೆ ಸಾಗಿಸಿ. ಬಿಜಾಗರಿಯ ಮೊಳೆ ಕೀಳಲು ಹೋಗಿ ಹಲಗೆ ಸೀಳಿಸಬೇಡಿ. ಕೀಲಿನ ಮಧ್ಯದ ಕಡ್ಡಿಗೆ ಎರಡು ಹನಿ ಎಣ್ಣೆ ಬಿಟ್ಟು, ಮಾರನೇ ದಿನ ಹೊಡೆದು ತೆಗೆಯಿರಿ.

ಚಿಕ್ಕಪೇಟೆ_ಚೌಕಾಸಿ:

ನನಗೆ ಅರ್ಥವಾಗದ ವಿಷಯ ಒಂದೇ. ಇಷ್ಟೆಲ್ಲ ಯಾಕೆ? ಒಂದು ದೊಡ್ಡ ತಗಡಿನ ಟ್ರಂಕು ತಗೊಳ್ಳಿ. ಹುಳ ಇಲ್ಲ, ಕಪ್ಪು ಕಾಗದ ಇಲ್ಲ, ನಾಲ್ಕು ಜನ ಕೂಲಿಯವರೂ ಬೇಡ.

ಉಳಿಸುತ್ತಿಗೆ:

ಟ್ರಂಕು ಕೆಟ್ಟದ್ದು ಅಂತ ಯಾರೂ ಹೇಳಿಲ್ಲ ಸರ್. ಇಲಿಗೆ, ಜಿರಲೆಗೆ ಟ್ರಂಕೇ ಒಳ್ಳೇದು. ಆದರೆ ಮಳೆಗಾಲದ ರಾತ್ರಿ ತಗಡು ತಣ್ಣಗಾದಾಗ ಒಳಗೆ ಬೆವರುತ್ತದೆ. ತಗಡಿಗೆ ತಾಗಿದ ಕಡೆ ಬಟ್ಟೆಗೆ ತುಕ್ಕಿನ ಕಲೆ ಬೀಳುತ್ತದೆ. ಮರ ತೇವ ಎಳೆದುಕೊಂಡು ನಿಧಾನವಾಗಿ ಬಿಡುತ್ತದೆ, ಹಾಗಾಗಿ ಒಳಗಿನ ಹವೆ ಒಮ್ಮೆಗೇ ಏರುಪೇರಾಗುವುದಿಲ್ಲ. ಬೆಂಗಳೂರಲ್ಲಿ ಎರಡೂ ನಡೆಯುತ್ತದೆ. ಮಲೆನಾಡಲ್ಲಾದರೆ ನಾನು ಮರಕ್ಕೇ ಓಟು ಹಾಕುತ್ತೇನೆ.

ಕುಂದಾಪ್ರ_ಕಡಲು:

ನಮ್ಮ ಕಡೆ ಮನೆಗಳಲ್ಲಿ ಎರಡು ಥರದ ಪೆಟ್ಟಿಗೆ ಸಿಗುತ್ತದೆ. ಒಂದು ಪತ್ತಾಯ, ಭತ್ತ ಅಕ್ಕಿ ತುಂಬಿಡುತ್ತಿದ್ದದ್ದು. ಅದು ದೈತ್ಯ ಗಾತ್ರ, ಅದರ ಮೇಲೇ ಹಾಸಿಗೆ ಹಾಸಿ ಮಲಗುತ್ತಿದ್ದರು. ಇದನ್ನು ಫ್ಲಾಟಿಗೆ ತರುವ ಯೋಚನೆಯನ್ನೇ ಮಾಡಬೇಡಿ. ಇನ್ನೊಂದು ಹಿತ್ತಾಳೆ ಪಟ್ಟಿ ಹೊಡೆದ ಕರ್ಪೂರದ ಮರದ ಪೆಟ್ಟಿಗೆ. ಅದು ಇಲ್ಲಿಯ ಮರವಲ್ಲ. 19ನೇ ಶತಮಾನದ ಹಡಗು ವ್ಯಾಪಾರದ ಕಾಲದಲ್ಲಿ ಚೀನಾ ಕಡೆಯಿಂದ ಬಂದರು ಊರುಗಳಿಗೆ ಬಂದದ್ದು. ಒಳಗೆ ಉಗುರಿನಿಂದ ಸ್ವಲ್ಪ ಕೆರೆದು ಮೂಸಿದರೆ ಇವತ್ತಿಗೂ ಕರ್ಪೂರದ ವಾಸನೆ ಬರುತ್ತದೆ. ಉಣ್ಣೆಗೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ.

ತುಂಗಾತೀರ ಅವರದ್ದು ಎರಡೂ ಅಲ್ಲ ಅನ್ನಿಸುತ್ತದೆ. ಇದ್ದಿಲಿನಷ್ಟು ಕಪ್ಪಾಗಿದ್ದರೆ ಅಡುಗೆ ಮನೆಯ ಮೇಲಿನ ಅಟ್ಟದಲ್ಲಿದ್ದಿರಬೇಕು. ಹೊಗೆ ಹಿಡಿದ ಮರಕ್ಕೆ ಹುಳ ಬರುವುದು ಕಮ್ಮಿ. ಅಂದ ಹಾಗೆ ಯಾರಾದರೂ ಗೇರೆಣ್ಣೆ ಹಚ್ಚಿ ಅಂತ ಹೇಳಿದರೆ ತಳದ ಹೊರಮೈಗೆ, ಕಾಲಿಗೆ ಮಾತ್ರ. ಗೆದ್ದಲಿಗೆ ಅದು ರಾಮಬಾಣ, ಒಪ್ಪಿಕೊಳ್ಳೋಣ. ಆದರೆ ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಬಟ್ಟೆಗೆ ತಾಗಿದರೆ ಕಲೆ ಜನ್ಮದಲ್ಲಿ ಹೋಗಲ್ಲ. ಒಳಗೆ ಬೇಡವೇ ಬೇಡ.

ತುಂಗಾತೀರ:

ಹೌದು, ಒಲೆಯ ಮೇಲಿನ ಅಟ್ಟವೇ! ಕಪ್ಪು ಕಾಗದ ಇವತ್ತೇ ಹಾಸಿದೆ. ಟ್ರಂಕಿನ ಮಾತು ಹೇಳಿದವರಿಗೆ: ಆಗಲೇ ಎರಡು ಟ್ರಂಕು ಮಂಚದ ಕೆಳಗಿವೆ ಸ್ವಾಮಿ.

ವರ್ಜೀನಿಯಾ_ಗೌಡ್ತಿ:

ತುಂಗಾತೀರ ಅವರೇ, ಐದು ವರ್ಷದ ಮಗು ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹುಳಕ್ಕಿಂತ ಮೊದಲು ಇದನ್ನು ಓದಿ.

ನಾನಿರುವ ಅಮೆರಿಕದಲ್ಲಿ ಹೊದಿಕೆ ಪೆಟ್ಟಿಗೆ ದೊಡ್ಡ ಸಂಪ್ರದಾಯ. ಆರು ಹಲಗೆ ಜೋಡಿಸಿ ಮಾಡಿದ ಹಳೇ ನ್ಯೂ ಇಂಗ್ಲೆಂಡ್ ಪೆಟ್ಟಿಗೆ, ಪೆನ್ಸಿಲ್ವೇನಿಯಾದ ಜರ್ಮನ್ ಮನೆತನಗಳವರು ಹೂವು ಹಕ್ಕಿ ಬಿಡಿಸಿ ಮದುಮಗಳಿಗೆ ಕೊಡುತ್ತಿದ್ದ ಪೆಟ್ಟಿಗೆ, ಹೀಗೆ. ಬಹಳಷ್ಟರಲ್ಲಿ ನಿಮ್ಮದರ ಹಾಗೇ ಒಳಗೊಂದು ಪಕ್ಕದ ಖಾನೆ. 20ನೇ ಶತಮಾನದಲ್ಲಿ ಇದನ್ನು ಫ್ಯಾಕ್ಟರಿಯಲ್ಲಿ ಮಾಡಿ ಮನೆಮನೆಗೆ ಮುಟ್ಟಿಸಿದ್ದು ಲೇನ್ ಅನ್ನುವ ಕಂಪನಿ, ನಮ್ಮದೇ ರಾಜ್ಯದ ಆಲ್ಟವಿಸ್ಟಾ ಊರಿನದು. ಸೀಡರ್ ಮರದ ಪೆಟ್ಟಿಗೆ. ಮುಚ್ಚಳ ಹಾಕಿದ ತಕ್ಷಣ ತಾನಾಗಿಯೇ ಲಾಕ್ ಆಗುತ್ತಿತ್ತು, ಹೊರಗಿನಿಂದ ಮಾತ್ರ ತೆಗೆಯಲು ಸಾಧ್ಯ. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಒಳಗೆ ಕೂತು ಉಸಿರುಗಟ್ಟಿ ಸತ್ತರು. 1912ರಿಂದ 1987ರವರೆಗೆ ತಯಾರಾದ ಸುಮಾರು 1.2 ಕೋಟಿ ಪೆಟ್ಟಿಗೆಗಳ ಬೀಗ ಬದಲಿಸಬೇಕೆಂದು 1996ರಲ್ಲಿ ಪ್ರಕಟಣೆ ಹೊರಟಿತು. ಆ ನಂತರವೂ ಸಾವುಗಳಾಗಿವೆ, ಯಾಕೆಂದರೆ ಪೆಟ್ಟಿಗೆಗಳು ಕೈಯಿಂದ ಕೈಗೆ, ಮನೆಯಿಂದ ಮನೆಗೆ ಹೋಗುತ್ತಲೇ ಇರುತ್ತವೆ. ಇಲ್ಲಿಯ ಕನ್ನಡದವರು ಯಾರಾದರೂ ಇದನ್ನು ಓದುತ್ತಿದ್ದರೆ, ಗ್ಯಾರೇಜ್ ಸೇಲಿನಲ್ಲಿ ತಂದ ಪೆಟ್ಟಿಗೆಯ ಬೀಗವನ್ನು ಇವತ್ತೇ ಬಿಚ್ಚಿ.

ನಿಮ್ಮದು ಕೊಂಡಿ ಚಿಲಕ. ಆದರೂ ಮುಚ್ಚಳ ಬಿದ್ದಾಗ ಕೊಂಡಿ ತಾನಾಗಿ ಗೂಟಕ್ಕೆ ಸಿಕ್ಕಿಕೊಳ್ಳುತ್ತದಾ ನೋಡಿ. ಸಿಕ್ಕಿಕೊಂಡರೆ ಕೊಂಡಿ ತೆಗೆಸಿ. ಅಂದ ಹಾಳಾದರೂ ಪರವಾಗಿಲ್ಲ.

ತುಂಗಾತೀರ:

ಓದಿ ಕೈಕಾಲು ತಣ್ಣಗಾಯಿತು ಅಕ್ಕ. ಈಗಷ್ಟೇ ಹೋಗಿ ನೋಡಿದೆ. ಜೋರಾಗಿ ಬಿಟ್ಟರೆ ಕೊಂಡಿ ಗೂಟದ ಮೇಲೆ ಕೂರುತ್ತದೆ. ನಾಳೆಯೇ ತೆಗೆಸುತ್ತೇನೆ.

ಉಳಿಸುತ್ತಿಗೆ:

ಕೊಂಡಿ ತೆಗೆದು ಜೋಪಾನವಾಗಿ ಎತ್ತಿಡಿ, ಬಿಸಾಡಬೇಡಿ. ಜೊತೆಗೆ ಇನ್ನೆರಡು ಕೆಲಸ ಇದೆ.

ನಿಮ್ಮ ಮುಚ್ಚಳವೇ 12 ಕೆಜಿಗಿಂತ ಜಾಸ್ತಿ ಇರುತ್ತದೆ. ಮಗುವಿನ ಕೈ ಮೇಲೆ ಬಿದ್ದರೆ ಬೆರಳು ಉಳಿಯಲ್ಲ. ಎರಡೂ ಬದಿಗೆ ನಿಧಾನವಾಗಿ ಇಳಿಸುವ ಗ್ಯಾಸ್ ಸ್ಟ್ರಟ್ ಹಾಕಿಸಿ. ಹೈಡ್ರಾಲಿಕ್ ಮಂಚದ ಹಲಗೆ ಎತ್ತಲು ಇರುತ್ತದಲ್ಲ, ಅದರ ಸಣ್ಣದು. ಹಾರ್ಡ್‌ವೇರ್ ಅಂಗಡಿಯಲ್ಲಿ ಮುಚ್ಚಳದ ತೂಕ ಹೇಳಿ ಕೇಳಿ. ಮಂಚದ್ದನ್ನೇ ತಂದು ಹಾಕಿದರೆ ಜಾಸ್ತಿ ಶಕ್ತಿಯಾಗಿ ಹಳೇ ಬಿಜಾಗರಿ ಕಿತ್ತುಬರುತ್ತದೆ.

ಎರಡನೆಯದು, ಗಾಳಿ. ಮುಚ್ಚಳದ ಅಂಚಿಗೆ, ಮೂಲೆಗಳಲ್ಲಿ ಕಾಲಿಂಚು ದಪ್ಪದ ರಬ್ಬರ್ ಗುಂಡಿ ಅಂಟಿಸಿದರೆ ಸುತ್ತಲೂ ಸಂದು ಉಳಿಯುತ್ತದೆ. ಮಗು ಒಳಗೆ ಸೇರಿಕೊಂಡರೂ ಉಸಿರಾಡಬಹುದು. ಹಿಂದಿನ ಹಲಗೆಗೆ ಮೇಲ್ಭಾಗದಲ್ಲಿ ನಾಲ್ಕಾರು ತೂತು ಕೊರೆದು, ಒಳಗಡೆಯಿಂದ ಸಣ್ಣ ಕಣ್ಣಿನ ಸೊಳ್ಳೆ ಜಾಲರಿ ಹೊಡೆದರೆ ಇನ್ನೂ ಒಳ್ಳೇದು.

ನೂಲೆಳೆ:

ಸಂದು ಬಿಟ್ಟರೆ ಹುಳ ಬರುತ್ತದೆ ಅಂತ ಯಾರಾದರೂ ಕೇಳುವ ಮುಂಚೆ ನಾನೇ ಹೇಳುತ್ತೇನೆ. ಬರುತ್ತದೆ. ಹಾಗಾಗಿ ರಕ್ಷಣೆ ಬಟ್ಟೆಯ ಮಟ್ಟದಲ್ಲಿ ಇರಬೇಕು. ಪೆಟ್ಟಿಗೆಯನ್ನೇ ನಂಬಿ ಕೂರಬಾರದು. ಮಗು ಇರುವ ಮನೆಯಲ್ಲಿ ಸಂದು ಬಿಡುವುದರಲ್ಲಿ ಎರಡನೇ ಮಾತೇ ಇಲ್ಲ.

ಬಟ್ಟೆ ಜೋಪಾನ ಮಾಡುವುದು ನನ್ನ ಕೆಲಸ, ಅದರಲ್ಲೂ ಹಳೇ ಕೈಮಗ್ಗದ್ದು. ಎಲ್ಲ ಹೊದಿಕೆಗೂ ಒಂದೇ ಶತ್ರು ಇರುವುದಿಲ್ಲ.

ಕಂಬಳಿ ಉಣ್ಣೆ. ಅದನ್ನು ತಿನ್ನುವುದು ಬಟ್ಟೆ ಪತಂಗದ ಮರಿ. ಹಾರುವ ಪತಂಗಕ್ಕೆ ತಿನ್ನಲು ಬಾಯೇ ಸರಿಯಾಗಿ ಇರುವುದಿಲ್ಲ, ಅದು ಮೊಟ್ಟೆ ಇಟ್ಟು ಸಾಯುತ್ತದೆ. ಮರಿಗೆ ಕತ್ತಲೆ ಬೇಕು, ಅಲುಗಾಡದ ಜಾಗ ಬೇಕು, ಬೆವರು ಎಣ್ಣೆ ಅಂಟಿದ ಉಣ್ಣೆ ಬೇಕು. ಮುಚ್ಚಿಟ್ಟ ಪೆಟ್ಟಿಗೆಯಲ್ಲಿ ಮೂರೂ ಸಿಗುತ್ತದೆ. ನಮ್ಮ ಕುರುಬರ ಕಂಬಳಿಗೆ ಇನ್ನೊಂದು ವಿಷಯ ಇದೆ. ಬಿಗಿ ಬರಲಿ ಅಂತ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ. ಗಂಜಿ ಅಂದರೆ ಸಿಲ್ವರ್‌ಫಿಶ್‌ಗೂ ಜಿರಲೆಗೂ ಹಬ್ಬ. ಹಾಗಂತ ಕಂಬಳಿಯನ್ನು ಬಿಸಿನೀರಲ್ಲಿ ಒಗೆಯಬೇಡಿ, ಮುದುಡಿ ಗಟ್ಟಿಯಾಗುತ್ತದೆ. ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು, ಮಡಿಕೆಯ ಗೆರೆಗಳಲ್ಲಿ ಬ್ರಷ್ ಆಡಿಸಿ. ಮೊಟ್ಟೆ ಇರುವುದು ಅಲ್ಲೇ. ಏನಾದರೂ ಓಡಾಡಿದ್ದು ಕಂಡರೆ, ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಾರ್ಚ್ ಏಪ್ರಿಲಿನ ಮಧ್ಯಾಹ್ನದ ತಾರಸಿ ಬಿಸಿಲಿಗಿಡಿ. 50 ಡಿಗ್ರಿ ದಾಟಿದರೆ ಮೊಟ್ಟೆ ಮರಿ ಉಳಿಯುವುದಿಲ್ಲ. ಸಣ್ಣ ಶಾಲಾದರೆ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18ರ ಫ್ರೀಜರಿನಲ್ಲಿ ಎರಡು ವಾರ ಇಡಬಹುದು.

ಕೌದಿ ಹತ್ತಿ. ಹಳೇ ಸೀರೆ, ಧೋತರ ಒಂದರ ಮೇಲೊಂದು ಇಟ್ಟು ಹೊಲಿದದ್ದು. ಪತಂಗ ಇದರ ತಂಟೆಗೆ ಬರುವುದು ಅಪರೂಪ, ಆದರೆ ತೇವ ಕುಡಿದರೆ ಒಣಗುವುದು ಭಾಳ ನಿಧಾನ, ಬೂಸ್ಟು ಹಿಡಿಯುತ್ತದೆ. ಪದರದೊಳಗೆ ರೇಷ್ಮೆ ಸೀರೆ ತುಂಡು ಸೇರಿದ್ದರೆ ಮಾತ್ರ ಅದನ್ನು ಉಣ್ಣೆಯ ಲೆಕ್ಕಕ್ಕೇ ಹಾಕಿ. ಒಂದು ಆಸೆ: ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕೌದಿ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಪೆಟ್ಟಿಗೆಗೆ ಹಾಕಬೇಡಿ, ಹೊದೆಯಿರಿ ಇಲ್ಲವೇ ಗೋಡೆಗೆ ಹಾಕಿ. ಆ ಬಣ್ಣ ಕತ್ತಲಲ್ಲಿ ಇರುವಂಥದ್ದಲ್ಲ.

ಎಲ್ಲಕ್ಕೂ ಅನ್ವಯಿಸುವ ಒಂದು ನಿಯಮ: ಬರಿ ಮರಕ್ಕೆ ಬಟ್ಟೆ ತಾಗಬಾರದು. ಮರದಿಂದ ನಿಧಾನವಾಗಿ ಆಮ್ಲ ಹೊರಬರುತ್ತಿರುತ್ತದೆ, ಹತ್ತಿಯ ಮೇಲೆ ಹಳದಿ ಕಂದು ಕಲೆ ಕೂರುತ್ತದೆ. ಒಗೆದು ಒಗೆದು ಮೆತ್ತಗಾದ ಬಿಳಿ ಪಂಚೆ ಎರಡು ಪದರ ಹಾಸಿ, ಬದಿಗೂ ಎಳೆದು, ಮೇಲೂ ಮುಚ್ಚಿ. ವರ್ಷಕ್ಕೊಮ್ಮೆ ಪಂಚೆ ಒಗೆದರಾಯಿತು. ನ್ಯೂಸ್‌ಪೇಪರ್ ಬೇಡ. ಅದರಲ್ಲೂ ಆಮ್ಲ ಇದೆ, ಶಾಯಿ ಬೇರೆ. ಕಂಬಳಿಗಳನ್ನು ಬಿಗಿ ನೇಯ್ಗೆಯ ಹತ್ತಿ ಚೀಲದಲ್ಲಿ ಹಾಕಿ ಬಾಯಿ ಹೊಲಿದರೆ ಪತಂಗ ಒಳಗೆ ಹೋಗುವುದಿಲ್ಲ. ಮಡಿಕೆಯನ್ನು ಪ್ರತಿ ಸಲ ಬೇರೆ ಕಡೆ ಬೀಳುವ ಹಾಗೆ ಮಡಿಸಿ. ಜರಿ ಸೀರೆ ಈ ಪೆಟ್ಟಿಗೆಗೆ ಬರಲೇಬಾರದು.

ಅಜ್ಜಿಮನೆ_ಪಡಸಾಲೆ:

ನೂಲೆಳೆ ಮೇಡಂ, ಇಷ್ಟೊಂದು ಶಾಸ್ತ್ರ ಯಾಕೆ? ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ನುಸಿಗುಳಿಗೆ ಹಾಕುತ್ತಿದ್ದೇವೆ. ಕಂಬಳಿಗೂ ಏನೂ ಆಗಿಲ್ಲ, ನಮಗೂ ಏನೂ ಆಗಿಲ್ಲ.

ನೂಲೆಳೆ:

ನುಸಿಗುಳಿಗೆ ಕೆಲಸ ಮಾಡುವುದಿಲ್ಲ ಅಂತ ನಾನು ಹೇಳಲ್ಲ. ಮಾಡುತ್ತದೆ. ಆದರೆ ಅದು ಕೆಲಸ ಮಾಡಬೇಕಾದರೆ ಅದರ ಆವಿ ಒಳಗೆ ದಟ್ಟವಾಗಿ ತುಂಬಿರಬೇಕು. ಅದೇ ಆವಿ ಹೊದ್ದವರ ಮೂಗಿಗೂ ಹೋಗುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುತ್ತದೆ. ಅಂಥ ಕೂಸಿಗೆ ನ್ಯಾಫ್ತಲೀನ್ ನುಸಿಗುಳಿಗೆ ಹಾಕಿಟ್ಟಿದ್ದ ಬಟ್ಟೆ ಹೊದಿಸಿದರೆ ಕೆಂಪು ರಕ್ತಕಣ ಒಡೆದು ಕಾಮಾಲೆ ಬರಬಹುದು. ಇದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಬಾಣಂತಿ ಕೋಣೆಗೆ ಹಳೇ ಪೆಟ್ಟಿಗೆಯಿಂದ ನೇರವಾಗಿ ಕಂಬಳಿ ತೆಗೆದು ಕೊಡುವ ಪದ್ಧತಿ ನಮ್ಮಲ್ಲಿದೆಯಲ್ಲ, ಅದಕ್ಕೇ ಇಷ್ಟು ಹೇಳಿದ್ದು. ಐದು ವರ್ಷದ ಮಗುವಿನ ಕೈಗೆ ಬಿಳಿ ಗುಳಿಗೆ ಸಿಕ್ಕರೆ ಪೆಪ್ಪರ್‌ಮಿಂಟ್ ಅಂದುಕೊಂಡು ಬಾಯಿಗೂ ಹಾಕಿಕೊಳ್ಳಬಹುದು.

ಅಜ್ಜಿಮನೆ_ಪಡಸಾಲೆ:

ಸರಿ, ಗುಳಿಗೆ ಬಿಟ್ಟೆ. ಬಜೆ ಬೇರು? ಬೇವಿನ ಸೊಪ್ಪು? ಲಾವಂಚ? ಇವುಗಳನ್ನು ಬಿಡಲ್ಲ ನಾನು.

ನೂಲೆಳೆ:

ಬಿಡಬೇಡಿ! ಬಜೆ, ಲಾವಂಚ ಬಟ್ಟೆ ಗಂಟಿನಲ್ಲಿ ಕಟ್ಟಿ ಹಾಕಿ. ವಾಸನೆಗೆ ಪತಂಗ ಹತ್ತಿರ ಬರುವುದು ಕಮ್ಮಿಯಾಗುತ್ತದೆ. ಆಗಲೇ ಒಳಗಿರುವ ಮೊಟ್ಟೆ ಮರಿಯನ್ನು ಅವು ಕೊಲ್ಲುವುದಿಲ್ಲ. ಬೇವಿನ ಸೊಪ್ಪು ಪೂರ್ತಿ ಒಣಗಿರಬೇಕು. ಹಸಿ ಹಾಕಿದರೆ ನೀವೇ ತೇವ ತುಂಬಿದ ಹಾಗೆ. ವಾಸನೆ ಹೋದ ಮೇಲೆ ಬದಲಿಸಿ.

ಹೊಸನಗರ_ಮಳೆ:

ನಮ್ಮ ಊರಲ್ಲಿ ಜೂನ್ ಬಂತೆಂದರೆ ಚಪ್ಪಲಿ, ಬೆಲ್ಟಿಗೂ ಬೂಸ್ಟು. ಪೆಟ್ಟಿಗೆಯನ್ನು ಮಳೆಗಾಲದಲ್ಲಿ ಆಗಾಗ ತೆಗೆದು ಗಾಳಿಗೆ ಬಿಡಬೇಕು ಅಂತ ಕೆಲವರು, ತೆಗೆಯಲೇಬಾರದು ಅಂತ ಕೆಲವರು. ಯಾವುದು ಸರಿ?

ಉಳಿಸುತ್ತಿಗೆ:

ಹೊರಗಿನ ಗಾಳಿಯೇ ಒದ್ದೆ ಇರುವಾಗ ಪೆಟ್ಟಿಗೆ ತೆಗೆದರೆ ಆ ಒದ್ದೆಯನ್ನೇ ಒಳಗೆ ಕರೆದಂತೆ. ನಮ್ಮ ಕಡೆಯ ಕ್ರಮ ಇದು: ಶಿವರಾತ್ರಿಯಿಂದ ಯುಗಾದಿಯೊಳಗೆ ಎಲ್ಲ ತೆಗೆದು ಬಿಸಿಲಿಗೆ ಹಾಕಿ, ಬಟ್ಟೆ ಬಿಸಿ ಆರಿದ ಮೇಲೆ ಮಡಿಸಿ ತುಂಬಿ. ಬಿಸಿ ಬಿಸಿಯಾಗಿ ತುಂಬಬೇಡಿ. ಆಮೇಲೆ ದೀಪಾವಳಿಯವರೆಗೆ ಬೇಕಾದಾಗ ಮಾತ್ರ ತೆಗೆದು ಬೇಗ ಮುಚ್ಚಿ. ಮಳೆ ಮಧ್ಯೆ ನಾಲ್ಕು ದಿನ ಬಿಸಿಲು ಬಿದ್ದರೆ ಆಗ ತೆರೆದಿಡಿ. ಸಿಲಿಕಾ ಜೆಲ್ ಚೀಲ ಹಾಕಬಹುದು, ಬಿಸಿ ಮಾಡಿ ಮತ್ತೆ ಬಳಸುವಂಥದ್ದು. ಅಂಗಡಿಯಲ್ಲಿ ಸಿಗುವ, ತೇವ ಎಳೆದು ನೀರು ತುಂಬಿಕೊಳ್ಳುವ ಡಬ್ಬಿ ಬೇಡ. ಅದು ಮಗುಚಿದರೆ ಉಪ್ಪುನೀರು ಕಂಬಳಿಗೆ.

ಪೆಟ್ಟಿಗೆ ಗೋಡೆಯಿಂದ ಒಂದು ಗೇಣು ದೂರ ಇರಲಿ. ಕಾಲಿನ ಕೆಳಗೆ ಕಡಪ ಕಲ್ಲಿನ ತುಂಡು ಇಡಿ. ಬಾತ್‌ರೂಮಿನ ಹಿಂಗೋಡೆಗೆ ಇಡಲೇಬಾರದು.

ತುಂಗಾತೀರ ಅವರದ್ದು ಉಲ್ಟಾ ಸಮಸ್ಯೆ. ತೀರ್ಥಹಳ್ಳಿಯ ಹವೆಯಿಂದ ಬೆಂಗಳೂರಿನ ಫೆಬ್ರವರಿ ಮಾರ್ಚಿಗೆ ಬಂದರೆ ಹಲಗೆ ಒಣಗಿ ಕುಗ್ಗುತ್ತದೆ, ಅಗಲಕ್ಕೆ. ಮುಚ್ಚಳದಲ್ಲಿ ಸೀಳು ಕಾಣಬಹುದು. ಗಾಬರಿಯಾಗಿ ಅದಕ್ಕೆ ಪುಟ್ಟಿ ತುಂಬಬೇಡಿ. ಮಳೆಗಾಲದಲ್ಲಿ ಹಲಗೆ ಮತ್ತೆ ಉಬ್ಬಿದಾಗ ಗಟ್ಟಿ ಪುಟ್ಟಿ ಹಲಗೆಯನ್ನೇ ದೂಡುತ್ತದೆ. ಒಂದು ವರ್ಷ ಸುಮ್ಮನೆ ನೋಡಿ.

ಗುಜರಿ_ರಸಿಕ:

ಅಜ್ಜನ ಮನೆಯ ಪೆಟ್ಟಿಗೆ ಸಿಗುವ ಪುಣ್ಯ ಎಲ್ಲರಿಗೂ ಇಲ್ಲ. ದುಡ್ಡು ಕೊಟ್ಟು ಕೊಳ್ಳುವವರಿಗೆ ನನ್ನದೂ ಸ್ವಲ್ಪ.

ದಕ್ಷಿಣದಲ್ಲಿ ಹಳೇ ಪೆಟ್ಟಿಗೆ ನೋಡಲು ಕೊಚ್ಚಿಯ ಮಟ್ಟಾಂಚೇರಿ ಜ್ಯೂ ಟೌನ್, ಚೆಟ್ಟಿನಾಡಿನ ಕಾರೈಕುಡಿ ಒಳ್ಳೇ ಜಾಗಗಳು. ಮುಂಬೈಯ ಚೋರ್ ಬಜಾರ್ ಸರಿಯೇ, ಚೌಕಾಸಿಗೆ ಗಟ್ಟಿ ಎದೆ ಬೇಕು. ಗುಜರಾತಿನಿಂದ ಚಕ್ರ ಹಚ್ಚಿದ ದೊಡ್ಡ ಪೆಟ್ಟಿಗೆಗಳು ಬರುತ್ತವೆ, ಹಿತ್ತಾಳೆ ತಗಡು ಹೊಡೆದದ್ದು, ಮದುವೆಯಲ್ಲಿ ಹೆಣ್ಣಿನ ಜೊತೆ ಕಳಿಸುತ್ತಿದ್ದದ್ದು. ನೋಡಲು ಭರ್ಜರಿ. ಹೊದಿಕೆ ತುಂಬಲು ಅಷ್ಟಕ್ಕಷ್ಟೆ, ಯಾಕೆಂದರೆ ಎಷ್ಟೋ ಪೆಟ್ಟಿಗೆಗಳಿಗೆ ಮೇಲಿನ ಹಲಗೆ ಪೂರ್ತಿ ತೆರೆಯುವುದಿಲ್ಲ, ಮುಂದಿನ ಸಣ್ಣ ಬಾಗಿಲಿಂದ ಕೈ ಹಾಕಬೇಕು. ಜೋಧಪುರದ್ದು ಅಂತ ಆನ್‌ಲೈನ್‌ನಲ್ಲಿ ಬರುವ ಬಹುಪಾಲು ಸರಕು ಹೊಸ ಮರವನ್ನು ಹಳೆಯದರಂತೆ ಮಾಡಿದ್ದು. ಹೊಸದು ಅಂತಲೇ ಹೇಳಿ ಮಾರಿದರೆ ತಪ್ಪೇನಿಲ್ಲ. ನೂರು ವರ್ಷದ್ದು ಅಂದರೆ ಮಾತ್ರ ಮುಚ್ಚಳ ಎತ್ತಿ ಒಳಗೆ ನೋಡಿ.

ಒಳಗಿನ ಬಣ್ಣ ಹೊರಗಿನಷ್ಟೇ ಕಪ್ಪಗಿದ್ದರೆ ಅನುಮಾನ ಪಡಿ, ಬಣ್ಣ ಬಳಿದಿರುತ್ತಾರೆ. ತಳದ ಕೆಳಮೈಯಲ್ಲಿ ಗರಗಸದ ಗೆರೆ ನೇರವಾಗಿ, ಸ್ವಲ್ಪ ಅಂಕುಡೊಂಕಾಗಿ ಇದ್ದರೆ ಕೈಗರಗಸ. ಬಿಲ್ಲಿನಂತೆ ಬಾಗಿದ ಗೆರೆ ಇದ್ದರೆ ಮಿಲ್ಲಿನ ದುಂಡು ಗರಗಸ. ನಕ್ಷತ್ರ ಗುರುತಿನ ತಲೆಯ ಸ್ಕ್ರೂ 1930ರ ದಶಕದಲ್ಲಿ ಬಳಕೆಗೆ ಬಂದದ್ದು. ಅದು ಕಂಡರೆ ಪೆಟ್ಟಿಗೆ ಹೊಸದು, ಇಲ್ಲವೇ ರಿಪೇರಿ ಆಗಿದೆ. ಸವೆತ ಎಲ್ಲಿದೆ ಅಂತಲೂ ನೋಡಿ. ಮುಚ್ಚಳ ಎತ್ತಲು ಕೈ ಹಾಕುವ ಮಧ್ಯದ ಜಾಗ, ಗುಡಿಸುವಾಗ ಪೊರಕೆ ತಾಗುವ ಕಾಲು ಸವೆದಿರಬೇಕು. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಅದು ಉಪ್ಪುಕಾಗದದ ಕೆಲಸ.

ಬಣ್ಣ ಬಳಿದ ಹಳೇ ಪೆಟ್ಟಿಗೆ ಕೊಂಡರೆ ಆ ಬಣ್ಣವನ್ನು ಕೆರೆಯಬೇಡಿ. ಹಳೇ ಎಣ್ಣೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಆ ಧೂಳು ಮಕ್ಕಳಿರುವ ಮನೆಯಲ್ಲಿ ಏಳಲೇಬಾರದು.

ಕೊಳ್ಳುವ ಮುಂಚೆ ಕಣ್ಣು ಪಳಗಬೇಕೆಂದರೆ ಮಣಿಪಾಲಕ್ಕೆ ಹೋಗಿ. ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪದ ಹಳೇ ಮನೆಗಳ ಗ್ರಾಮ ಇದೆ. ಹಳೇ ಮರಗೆಲಸ ನಿಜಕ್ಕೂ ಹೇಗಿರುತ್ತದೆ ಅನ್ನುವುದು ಅಲ್ಲಿ ಕಣ್ಣಾರೆ ಕಾಣುತ್ತದೆ.

ಲಂಡನ್_ಲಿಂಗಾಯತ:

ಗುಜರಿ_ರಸಿಕ ಅವರೇ, ಊರಲ್ಲಿ ನಮ್ಮದೂ ಒಂದು ಬೀಟೆ ಪೆಟ್ಟಿಗೆ ಇದೆ. ಹಡಗಲ್ಲಿ ಇಲ್ಲಿಗೆ ತರಿಸಿಕೊಳ್ಳಬಹುದಾ?

ಗುಜರಿ_ರಸಿಕ:

ಎರಡು ಗೋಡೆ ದಾಟಬೇಕು ಸರ್. ನೂರು ವರ್ಷ ಆಗಿದ್ದರೆ 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ಅದು ಪ್ರಾಚ್ಯವಸ್ತುವಿನ ಲೆಕ್ಕಕ್ಕೆ ಬರುತ್ತದೆ, ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನೂರು ಆಗಿಲ್ಲ ಅಂತಾದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪ್ರಾಚ್ಯವಸ್ತು ಅಲ್ಲ ಅನ್ನುವ ಪತ್ರ ಬೇಕು. ಎರಡನೇ ಗೋಡೆ ಬೀಟೆ. 2017ರ ಜನವರಿಯಿಂದ ಬೀಟೆಯ ಕುಲದ ಹೆಚ್ಚುಕಮ್ಮಿ ಎಲ್ಲ ಮರಗಳೂ ಸೈಟ್ಸ್ ಒಪ್ಪಂದದ (ಅಪಾಯದಲ್ಲಿರುವ ಗಿಡಮರ, ಪ್ರಾಣಿಗಳನ್ನು ದೇಶದಿಂದ ದೇಶಕ್ಕೆ ಮಾರುವುದನ್ನು ನಿಯಂತ್ರಿಸುವ ಒಪ್ಪಂದ) ಎರಡನೇ ಪಟ್ಟಿಯಲ್ಲಿವೆ, ಹೊರಗೆ ಕಳಿಸಲು ಪರವಾನಗಿ ಬೇಕು. 10 ಕೆಜಿವರೆಗಿನ ಸಿದ್ಧ ವಸ್ತುಗಳಿಗೆ ಆಮೇಲೆ ವಿನಾಯಿತಿ ಬಂತು. ಪೆಟ್ಟಿಗೆ 10 ಕೆಜಿಯಲ್ಲಿ ಎಲ್ಲಿ ನಿಲ್ಲುತ್ತದೆ? ನನ್ನ ಅಭಿಪ್ರಾಯ ಕೇಳಿದರೆ ಅದು ಊರಲ್ಲೇ ಇರಲಿ. ಇಲ್ಲವೇ ಇಲ್ಲಿಯ ತಂಗಿಗೋ ಅಕ್ಕನಿಗೋ ಕೊಡಿ.

ಲಂಡನ್_ಲಿಂಗಾಯತ:

ತಂಗಿ ಆಗಲೇ ಕಣ್ಣಿಟ್ಟಿದ್ದಾಳೆ ಬಿಡಿ.

ತುಂಗಾತೀರ:

ಎಲ್ಲರಿಗೂ ವರದಿ. ಎರಡು ವಾರ ಮುಗಿಯಿತು. ಆರು ಮುಖದ ಹರಳು ಇಲ್ಲ, ದೊಡ್ಡ ಸಮಾಧಾನ. ಆದರೆ ಹಿಂದಿನ ಬಲ ಮೂಲೆಯ ಕೆಳಗೆ ನುಣ್ಣನೆ ಪುಡಿ ಬಿದ್ದಿದೆ. ತಳದ ಒಂದು ಹಲಗೆ ಮಾತ್ರ ಬಣ್ಣದಲ್ಲಿ ತೆಳು, ಚಾಕು ಚುಚ್ಚಿದರೆ ಒಳಗೆ ಹೋಗುತ್ತದೆ. ಉಳಿದದ್ದೆಲ್ಲ ಗಟ್ಟಿ.

ಇನ್ನೊಂದು. ಇಲ್ಲಿಯ ಒಬ್ಬ ಪಾಲಿಶ್ ಅಂಗಡಿಯವರು ಬಂದು ನೋಡಿ "ಪೂರ್ತಿ ಉಜ್ಜಿ, ಒಳಗೂ ಹೊರಗೂ ಪಿಯು (ಪಾಲಿಯುರೆಥೇನ್ ಪಾಲಿಶ್) ಹೊಡೆದು ಹೊಸದರ ಥರ ಮಾಡಿಕೊಡ್ತೀವಿ" ಅಂದರು. ಮನೆಯವರಿಗೆ ಅದು ಇಷ್ಟ ಆಗಿದೆ. ನನಗೆ ಮನಸ್ಸಿಲ್ಲ.

ಉಳಿಸುತ್ತಿಗೆ:

ಹೊಸದರ ಥರ ಬೇಕಿದ್ದರೆ ಹೊಸದನ್ನೇ ಮಾಡಿಸಬಹುದಲ್ಲ ಮೇಡಂ! ಹೊಗೆಯ ಕಪ್ಪು, ಕೈ ಜಿಡ್ಡು ಸೇರಿ ಕೂತ ಆ ಮೈ ಒಮ್ಮೆ ಉಜ್ಜಿದರೆ ಮತ್ತೆ ಬರುವುದಿಲ್ಲ. ಮಸಿ ಬಟ್ಟೆಗೆ ಅಂಟುತ್ತದೆ ಅನ್ನುವುದು ನಿಜವಾದ ತೊಂದರೆ, ಅದಕ್ಕೆ ಉಜ್ಜುವುದು ಬೇಡ. ಮೊದಲು ಒಣ ಬ್ರಷ್, ಆಮೇಲೆ ಚೆನ್ನಾಗಿ ಹಿಂಡಿದ ಬಟ್ಟೆಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಒರೆಸಿ, ತಕ್ಷಣ ಒಣ ಬಟ್ಟೆಯಿಂದ ಒರೆಸಿ. ಬಿಳಿ ಬಟ್ಟೆಗೆ ಕಪ್ಪು ಬರುವುದು ನಿಲ್ಲುವ ತನಕ ಸ್ವಲ್ಪ ಸ್ವಲ್ಪವೇ ಮಾಡಿ. ನೀರು ಸುರಿಯಬೇಡಿ. ಹೊರಮೈಗೆ ಜೇನುಮೇಣದ ಪಾಲಿಶ್ ತೆಳ್ಳಗೆ ಹಚ್ಚಿ ಉಜ್ಜಿ, ಸಾಕು. ಒಳಗೆ ಎಣ್ಣೆಯೂ ಬೇಡ, ಪಾಲಿಶೂ ಬೇಡ, ಪಿಯು ಅಂತೂ ಬೇಡವೇ ಬೇಡ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ವಾಸನೆ ತಿಂಗಳುಗಟ್ಟಲೆ ಹೋಗಲ್ಲ. ಯಾರಾದರೂ ಅಗಸೆ ಎಣ್ಣೆ ಹಚ್ಚಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ಹರಡಿ ಒಣಗಿಸಿ. ತಾನಾಗಿಯೇ ಕಾದು ಬೆಂಕಿ ಹತ್ತಿಕೊಳ್ಳುತ್ತದೆ.

ಹುಳದ ಹಲಗೆಗೆ ಔಷಧಿ ಹಾಕಿ ಉಳಿಸುವ ಗೋಜಿಗೆ ಹೋಗಬೇಡಿ. ಅದು ಬಿಳಿ ಮರ. ಬಿಚ್ಚಿ ತೆಗೆದು ಸುಟ್ಟುಬಿಡಿ. ಪಕ್ಕದ ಹಲಗೆಗಳ ಅಂಚಿಗೆ, ಕೆಳಮೈಗೆ ಬೋರಿಕ್ ಆಸಿಡ್ ಮತ್ತು ಬೊರಾಕ್ಸ್ ಬೆರೆಸಿದ ಬಿಸಿನೀರು ಬ್ರಷ್ಷಿನಲ್ಲಿ ಎರಡು ಸಲ ಹಚ್ಚಿ ಪೂರ್ತಿ ಒಣಗಿಸಿ. ಮಗುವನ್ನು ದೂರ ಇಡಿ. ತೀರ್ಥಹಳ್ಳಿಯಲ್ಲಿ ಮನೆ ಬಿಚ್ಚುತ್ತಿದ್ದಾರಲ್ಲ, ಅಲ್ಲಿಂದಲೇ ಒಂದು ಹಳೇ ಕೆಚ್ಚಿನ ಹಲಗೆ ಕೇಳಿ ತನ್ನಿ. ತೂತಿಲ್ಲದ್ದು ನೋಡಿ. ಹೊಸ ಹಸಿ ಮರ ಹಾಕಿದರೆ ಒಣಗಿ ತಿರುಚಿಕೊಳ್ಳುತ್ತದೆ.

ಚಿಕ್ಕಪೇಟೆ_ಚೌಕಾಸಿ:

ನಾನು ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಒಂದು ನಿಜವಾದ ಪ್ರಶ್ನೆ. ಎರಡಡಿ ಆಳದ ಪೆಟ್ಟಿಗೆಯ ತಳದಲ್ಲಿರುವ ರಜಾಯಿ ಬೇಕಾದರೆ ಮೇಲಿನ ಎಲ್ಲ ತೆಗೆಯಬೇಕಲ್ಲ? ಮುಚ್ಚಳದ ಮೇಲೆ ಏನೂ ಇಡುವಂತಿಲ್ಲ, ಎತ್ತುವಾಗ ಗೋಡೆಗೆ ತಾಗುತ್ತದೆ. ದಿನಬಳಕೆಗೆ ಇದು ಆಗುವಂಥದ್ದಾ?

ವರ್ಜೀನಿಯಾ_ಗೌಡ್ತಿ:

ದಿನಬಳಕೆಗೆ ಅಲ್ಲ, ಅದನ್ನು ಒಪ್ಪಿಕೊಂಡೇ ಇಟ್ಟುಕೊಳ್ಳಬೇಕು. ನಮ್ಮಲ್ಲಿ ತಳಕ್ಕೆ ವರ್ಷಕ್ಕೊಮ್ಮೆ ತೆಗೆಯುವ ಉಣ್ಣೆ, ನಡುವೆ ಚಳಿಗಾಲದ ರಜಾಯಿ, ಮೇಲೆ ನೆಂಟರ ಚಾದರ. ಸುತ್ತಿಟ್ಟರೆ ಮಡಿಸಿದ್ದಕ್ಕಿಂತ ಸುಲಭ, ನಿಲ್ಲಿಸಿ ಇಟ್ಟರೆ ಒಂದನ್ನು ತೆಗೆದರೆ ಇನ್ನೊಂದು ಬೀಳಲ್ಲ. ಮಂಚದ ಕಾಲ ಬಳಿ ಇಟ್ಟರೆ ಕೂರಲೂ ಆಗುತ್ತದೆ. ಮೇಲೆ ಟಿವಿ ಇಡುವ ಯೋಚನೆ ಇದ್ದರೆ ನಿಮ್ಮ ಟ್ರಂಕೇ ವಾಸಿ.

ತುಂಗಾತೀರ:

ಲಿಫ್ಟ್ ಬಾಗಿಲು ಅಳೆದೆ, 80 ಸೆಂಟಿಮೀಟರ್. ಪೆಟ್ಟಿಗೆ ನಿಲ್ಲಿಸಿ ತಂದರೆ 61. ನುಗ್ಗುತ್ತದೆ! ಹಲಗೆಗೆ ಅಣ್ಣನಿಗೆ ಹೇಳಿದ್ದೇನೆ, ಹಳೇ ಬಾಗಿಲಿನ ಒಂದು ತುಂಡು ಕೊಡುತ್ತಾನಂತೆ. ಉಳಿಸುತ್ತಿಗೆ ಅಣ್ಣ, ಇಲ್ಲಿಯ ಬಡಗಿಗೆ ಹೇಳಲು ಇನ್ನೇನಾದರೂ ಇದೆಯಾ?

ಉಳಿಸುತ್ತಿಗೆ:

ಎರಡು ಮಾತು ಹೇಳಿ. ಸ್ಟ್ರಟ್ ಕೂರಿಸುವಾಗ ಮುಕ್ಕಾಲು ಇಂಚಿಗಿಂತ ಉದ್ದದ ಸ್ಕ್ರೂ ಬೇಡ, ಒಂದಿಂಚು ಹಲಗೆಯಿಂದ ತುದಿ ಹೊರಗೆ ಬರುತ್ತದೆ. ಹಳೇ ಮರ ಒಣಗಿ ಕಲ್ಲಾಗಿರುತ್ತದೆ, ಮೊದಲು ಸಣ್ಣ ತೂತು ಕೊರೆದು ಆಮೇಲೆ ಸ್ಕ್ರೂ ಹಾಕಲಿ, ಇಲ್ಲದಿದ್ದರೆ ಸೀಳುತ್ತದೆ. ಮತ್ತೆ ತಳದ ಹಲಗೆಯನ್ನು ಫೆವಿಕಾಲ್ ಹಾಕಿ ಅಂಟಿಸುವುದು ಬೇಡ. ಹಳೆಯದು ಹೇಗೆ ಕೊರೆದ ಸಂದಿನಲ್ಲಿ ಕೂತಿತ್ತೋ ಹಾಗೇ ಸಡಿಲವಾಗಿ ಕೂರಲಿ, ಮಳೆಗಾಲದಲ್ಲಿ ಉಬ್ಬಲು ಜಾಗ ಬೇಕು. ಬಿಚ್ಚಿದ ಮೇಲೆ ಮೂಲೆಯ ಜೋಡಣೆಯ ಫೋಟೋ ಹಾಕಿ, ಯಾವ ಮರ ಅಂತ ಆಗ ನೋಡೋಣ.